ನೋವಿನ ಪ್ರತ್ಯಕ್ಷ, ಚಿತ್ರದ ಅನುಮಾನ

ಗದಗಿನಿಂದ ಹುಬ್ಬಳ್ಳಿ ದಾರಿ ಹಿಡಿದರೆ ಸಿಗುವ ಹುಲಕೋಟಿಯಂಥ ಊರಿನಲ್ಲೂ ಎಂಆರ್‌ಐ ಈಗ ಹೊಸ ಮಾತಲ್ಲ. ಹತ್ತಿ, ಮೆಣಸಿನಕಾಯಿ, ಹೆಸರು, ಶೇಂಗಾ ಬೆಳೆಯುವ ಈ ಸೀಮೆಯಲ್ಲಿ ಕುಕ್ಕರಗಾಲಲ್ಲಿ ಕುಳಿತು ಕಳೆ ತೆಗೆದು ಬದುಕುವ ಹೆಣ್ಣುಮಗಳು ಎಲುವಿನ ಡಾಕ್ಟರ ಮುಂದೆ ಮೊದಲು ಇಡುವುದು ಒಂದು ಮಾತನ್ನು: "ತೊಡಿಸಂದ್ಯಾಗ ಹಿಡಕೊಂತೈತ್ರಿ, ಚಕ್ಕಳಮಕ್ಕಳ ಹಾಕಿ ಕುಂದ್ರಾಕ ಆಗವಲ್ದು." ಕೊನೆಗೆ ಅವಳ ಕೈಗೆ ಬರುವುದು ದೊಡ್ಡ ಲಕೋಟೆಯಲ್ಲಿನ ಕಪ್ಪು ಫಿಲ್ಮ್ ಮತ್ತು ಎರಡು ಹಾಳೆಯ ರಿಪೋರ್ಟ್. ಮಾತು ಮತ್ತು ಚಿತ್ರ ಎರಡೂ ಒಂದನ್ನೇ ಹೇಳಿದರೆ ತೊಂದರೆಯಿಲ್ಲ. ಒಂದು ಇದೆ ಎಂದು, ಇನ್ನೊಂದು ಇಲ್ಲ ಎಂದರೆ ನಮ್ಮ ಕಾಲ ಹೆಚ್ಚುಕಡಿಮೆ ಯೋಚನೆಯೇ ಇಲ್ಲದೆ ಚಿತ್ರದ ಪಕ್ಕ ನಿಲ್ಲುತ್ತದೆ. "ರಿಪೋರ್ಟ್ ನಾರ್ಮಲ್ ಐತಿ" ಎಂದ ಮೇಲೆ ಮನೆಯವರಿಗೂ ಅವಳ ನೋವಿನ ಮೇಲೆ ಸಂಶಯ ಶುರುವಾಗುತ್ತದೆ. ಇದು ಬರೀ ಆಸ್ಪತ್ರೆಯ ಸಮಸ್ಯೆಯಲ್ಲ. ಯಾವುದು ಪ್ರಮಾಣ, ಅಂದರೆ ಅರಿವಿನ ನಂಬಲರ್ಹ ದಾರಿ, ಯಾವುದಕ್ಕೆ ಎಷ್ಟು ಅಧಿಕಾರ ಎಂಬುದು ಭಾರತದ ದರ್ಶನಗಳು ಸಾವಿರಾರು ವರ್ಷ ಜಗ್ಗಾಡಿದ ಪ್ರಶ್ನೆ. ಆ ಪ್ರಶ್ನೆಯನ್ನು ವಯಸ್ಕರ ಚಪ್ಪೆಯ ಎಲುಬಿನೊಳಗಿನ ಮಜ್ಜೆಯ ಚಿತ್ರಕ್ಕೆ ಹಾಕಿ ನೋಡಿದರೆ, ನಾವು ಪ್ರತ್ಯಕ್ಷ, ಅಂದರೆ ನೇರ ಅರಿವು ಎಂದು ನಂಬಿದ್ದು ಅನುಮಾನ, ಅಂದರೆ ಕುರುಹಿನಿಂದ ಮಾಡಿದ ಊಹೆ ಎಂದೂ, ಬರೀ ಹೇಳಿಕೆ ಎಂದು ಬದಿಗೆ ಸರಿಸಿದ್ದರ ಹಿಂದೆಯೇ ನಿಜವಾದ ಪ್ರತ್ಯಕ್ಷವಿದೆ ಎಂದೂ ತಿಳಿಯುತ್ತದೆ. ಈ ಬರಹದ ವಾದ ಇಷ್ಟೇ. ಇದು ಯಂತ್ರದ ವಿರುದ್ಧದ ವಾದವಲ್ಲ. ಯಂತ್ರ ಯಾವ ಬಗೆಯ ಸಾಕ್ಷಿ ಹೇಳುತ್ತದೆ ಎಂಬುದನ್ನು ಸರಿಯಾಗಿ ಗುರುತಿಸಬೇಕೆಂಬ ವಾದ.

ಮೊದಲು ಯಂತ್ರ ಮಾಡುವುದೇನು ಎಂದು ನೋಡೋಣ. ಎಂಆರ್‌ಐ ಕ್ಯಾಮೆರಾ ಅಲ್ಲ. ಎಲುಬಿನೊಳಗೆ ಬೆಳಕು ಹೋಗುವುದಿಲ್ಲ, ಯಾವ ಕಣ್ಣೂ ಅಲ್ಲಿಗೆ ಇಳಿಯುವುದಿಲ್ಲ. ನಮ್ಮ ಮೈಯಲ್ಲಿ ನೀರು ಮತ್ತು ಕೊಬ್ಬು ಇರುವಲ್ಲೆಲ್ಲ ಹೈಡ್ರೋಜನ್ ಇದೆ. ಅದರ ನ್ಯೂಕ್ಲಿಯಸ್ಸಿನಲ್ಲಿರುವ ಪ್ರೋಟಾನ್ ಒಂದು ಸಣ್ಣ ಅಯಸ್ಕಾಂತದಂತೆ ವರ್ತಿಸುತ್ತದೆ. 1.5 ಟೆಸ್ಲಾದ ಯಂತ್ರ, ಅಂದರೆ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30,000 ಪಟ್ಟು ಬಲದ ಕ್ಷೇತ್ರ, ಇವನ್ನು ತನ್ನ ದಿಕ್ಕಿಗೆ ಎಳೆಯುತ್ತದೆ. ಆ ಎಳೆತಕ್ಕೆ ಎಲ್ಲ ಪ್ರೋಟಾನುಗಳೂ ಬಗ್ಗುವುದಿಲ್ಲ. ಕ್ಷೇತ್ರದ ದಿಕ್ಕಿಗೆ ನಿಂತವು ಎದುರು ದಿಕ್ಕಿನವಕ್ಕಿಂತ ಹೆಚ್ಚಿರುವುದು ಹತ್ತು ಲಕ್ಷಕ್ಕೆ ಐದರ ಆಸುಪಾಸು ಮಾತ್ರ. ಆ ಚಿಕ್ಕ ವ್ಯತ್ಯಾಸವನ್ನೇ ಹಿಡಿದು, ಸುಮಾರು 64 ಮೆಗಾಹರ್ಟ್ಸ್ ರೇಡಿಯೋ ಅಲೆಯಿಂದ ಅವನ್ನು ಕದಲಿಸಿ, ಅವು ಮರಳಿ ನೆಲೆಗೆ ಬರುವಾಗ ಹೊಮ್ಮಿಸುವ ಕ್ಷೀಣ ಸಂಕೇತವನ್ನು ಕೇಳಿಸಿಕೊಂಡು, ಗಣಿತದ ಮೂಲಕ ಯಂತ್ರ ಚಿತ್ರ ಕಟ್ಟುತ್ತದೆ. ವಿಜ್ಞಾನಿಗಳಾದ ಬ್ಲಾಕ್ ಮತ್ತು ಪರ್ಸೆಲ್ 1946ರಲ್ಲಿ ರೇಡಿಯೋ ಅಲೆಗೆ ಸ್ಪಂದಿಸುವ ಈ ಗುಣವನ್ನು, ಅಂದರೆ ಅನುರಣನವನ್ನು ಕಂಡರು. ಲಾಟರ್‌ಬರ್ 1973ರಲ್ಲಿ ಅದರಿಂದ ಚಿತ್ರ ಕಟ್ಟುವ ದಾರಿ ತೋರಿಸಿದರು. ಅವರಿಗೂ ಮ್ಯಾನ್ಸ್‌ಫೀಲ್ಡ್ ಅವರಿಗೂ 2003ರಲ್ಲಿ ನೊಬೆಲ್ ಬಂತು. ನಮಗೆ ಮುಖ್ಯವಾದುದು ಇಷ್ಟು: ಯಂತ್ರ ಕೇಳುವ ಪ್ರಶ್ನೆ ಬದಲಾದರೆ ಚಿತ್ರವೂ ಬದಲಾಗುತ್ತದೆ. ಟಿ1 ಎಂಬ ಕ್ರಮದಲ್ಲಿ ತೆಗೆದರೆ ಕೊಬ್ಬು ಬೆಳ್ಳಗೆ ಹೊಳೆಯುತ್ತದೆ, ನೀರು ಕಪ್ಪಾಗುತ್ತದೆ. ಸ್ಟಿರ್ ಎಂಬ ಕ್ರಮದಲ್ಲಿ ಕೊಬ್ಬಿನ ಸಂಕೇತವನ್ನೇ ಅಡಗಿಸುವುದರಿಂದ ಅದೇ ಕೊಬ್ಬು ಕಪ್ಪಾಗಿ, ನೀರಿರುವ ಜಾಗ ಬೆಳ್ಳಗೆ ಎದ್ದು ಕಾಣುತ್ತದೆ. ಎಲುಬು ಅದೇ, ದಿನ ಅದೇ, ಚಿತ್ರಗಳು ಮಾತ್ರ ಒಂದಕ್ಕೊಂದು ಎದುರು. ಯಾವುದು ನಿಜವಾದ ಬಣ್ಣ ಎಂದು ಕೇಳಿದರೆ ಉತ್ತರವಿಲ್ಲ, ಏಕೆಂದರೆ ಇಲ್ಲಿ ಬಣ್ಣವೇ ಇಲ್ಲ. ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮ ಜಿನಾಲಯ, ಲಕ್ಷ್ಮೇಶ್ವರದ ಶಂಖ ಬಸದಿ ಇರುವ ಈ ನೆಲಕ್ಕೆ ಜೈನರ ಅನೇಕಾಂತವಾದ ಹೊಸದಲ್ಲ. ಪ್ರತಿಯೊಂದು ಹೇಳಿಕೆಯೂ ಒಂದು ನಯದಿಂದ, ಒಂದು ನೆಲೆಯಿಂದ ಮಾತ್ರ ನಿಜ ಎಂದು ಅದು ಕಲಿಸಿತು. ಎಂಆರ್‌ಐನ ಒಂದೊಂದು ಕ್ರಮವೂ ಅಂಥ ಒಂದೊಂದು ನಯ.

ಈಗ ಮಜ್ಜೆಗೆ ಬರೋಣ. ಹುಟ್ಟಿದಾಗ ಎಲುಬುಗಳ ಒಳಗೆಲ್ಲ ಹೆಚ್ಚುಕಡಿಮೆ ಕೆಂಪು ಮಜ್ಜೆಯೇ, ಅಂದರೆ ರಕ್ತಕಣ ಹುಟ್ಟಿಸುವ ಮಜ್ಜೆಯೇ ಇರುತ್ತದೆ. ಬೆಳೆಯುತ್ತ ಬೆಳೆಯುತ್ತ ಕೈಕಾಲಿನ ತುದಿಯಿಂದ ಮೊದಲಾಗಿ ನಡುಮೈಯತ್ತ ಅದು ಹಳದಿ ಮಜ್ಜೆಯಾಗಿ, ಕೊಬ್ಬಾಗಿ ಮಾರ್ಪಡುತ್ತದೆ. 25ರ ಹೊತ್ತಿಗೆ ಈ ಬದಲಾವಣೆ ಹೆಚ್ಚುಕಡಿಮೆ ಮುಗಿದಿರುತ್ತದೆ. ಕೆಂಪು ಮಜ್ಜೆಯಲ್ಲಿ ಸುಮಾರು ನೂರಕ್ಕೆ 40 ಪಾಲು ನೀರು, 40 ಪಾಲು ಕೊಬ್ಬು. ಹಳದಿಯಲ್ಲಿ ಕೊಬ್ಬೇ 80 ಪಾಲು, ನೀರು 15. ಚಪ್ಪೆಯ ಕೀಲು ಈ ಎರಡೂ ಸಂಧಿಸುವ ಜಾಗ. ಬಟ್ಟಲಿನಲ್ಲಿ ಕೂರುವ ತೊಡೆಯೆಲುಬಿನ ದುಂಡು ತಲೆ ಮತ್ತು ಹೊರಗೆ ಕೈಗೆ ಸಿಗುವ ಗುಬ್ಬು ಬೇಗ ಹಳದಿಯಾಗುತ್ತವೆ. ಅವೆರಡರ ನಡುವಿನ ಕುತ್ತಿಗೆಯ ಬುಡದಲ್ಲೂ ಅದರ ಕೆಳಗೂ ದೊಡ್ಡವರಾದ ಮೇಲೂ ಕೆಂಪು ಉಳಿದುಕೊಳ್ಳುತ್ತದೆ. ಅದೂ ಎಲ್ಲರಲ್ಲಿ ಒಂದೇ ಪ್ರಮಾಣದಲ್ಲಲ್ಲ. ಹೆರುವ ವಯಸ್ಸಿನ ಹೆಂಗಸರಲ್ಲಿ ಹೆಚ್ಚು, ರಕ್ತಹೀನತೆ ಇದ್ದವರಲ್ಲಿ ಇನ್ನೂ ಹೆಚ್ಚು. ಮೈಗೆ ರಕ್ತ ಸಾಲದಾದಾಗ ಹಳದಿಯಾದ ಮಜ್ಜೆ ಮತ್ತೆ ಕೆಂಪಾಗುತ್ತದೆ. ದೂರ ಓಡುವವರಲ್ಲೂ, ಸಿಗರೇಟು ಸೇದುವವರಲ್ಲೂ ಹೀಗಾಗುವುದುಂಟು. ಟಿ1 ಚಿತ್ರದಲ್ಲಿ ಇದು ಕೊಬ್ಬಿನ ಬಿಳುಪಿನ ನಡುವೆ ಮಸುಕಾದ ತೇಪೆಗಳಾಗಿ ಕಾಣುತ್ತದೆ, ಕೆಲವೊಮ್ಮೆ ಗಡ್ಡೆಯೋ ಕ್ಯಾನ್ಸರೋ ಎಂಬ ಭಯ ಹುಟ್ಟಿಸುತ್ತದೆ. ಪಕ್ಕದ ಸ್ನಾಯುವಿಗಿಂತ ಕಪ್ಪಾಗಿದ್ದರೆ ಮಾತ್ರ ಸಂಶಯಪಡಬೇಕು ಎಂಬುದು ತಜ್ಞರು ಇಟ್ಟುಕೊಂಡ ಅಳತೆಗೋಲು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ದೇಶದ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ನೂರಕ್ಕೆ 57 ಮಂದಿಗೆ ರಕ್ತಹೀನತೆ. ಹಾಗಿರುವಾಗ ನಮ್ಮ ಹೊಲಗಳಲ್ಲಿ ದುಡಿಯುವ ಹೆಣ್ಣುಮಗಳ ಮಜ್ಜೆ ಪಠ್ಯಪುಸ್ತಕದ ಚಿತ್ರದಂತಿಲ್ಲದಿದ್ದರೆ ಅದು ರೋಗವೂ ಆಗಿರಬಹುದು, ಕೊರತೆಯ ನಡುವೆ ಬದುಕನ್ನು ನಡೆಸಿಕೊಂಡು ಹೋಗಲು ಮೈ ಮಾಡಿಕೊಂಡ ಏರ್ಪಾಡೂ ಆಗಿರಬಹುದು. ಯಾವುದು ಎಂದು ತೀರ್ಮಾನಿಸಲು ಅವಳ ಊಟ, ಹೆರಿಗೆ, ಮುಟ್ಟು, ದುಡಿಮೆ ಎಲ್ಲ ಗೊತ್ತಿರಬೇಕು. ಫಿಲ್ಮಿನಲ್ಲಿ ಅವು ಯಾವುವೂ ಇಲ್ಲ.

ನ್ಯಾಯದರ್ಶನದ ಭಾಷೆಯಲ್ಲಿ ಹೇಳುವುದಾದರೆ ಫಿಲ್ಮನ್ನು ಓದಿ ರೋಗ ಹೇಳುವುದು ಅನುಮಾನ ಪ್ರಮಾಣ. ಬೆಟ್ಟದ ಮೇಲೆ ಹೊಗೆ ಕಂಡು ಬೆಂಕಿ ಇದೆ ಎನ್ನುವವನಿಗೆ ಕಂಡದ್ದು ಹೊಗೆ ಮಾತ್ರ. ಬೆಂಕಿಯನ್ನು ಅವನು ಊಹಿಸಿದ್ದು, ಹೊಗೆಗೂ ಬೆಂಕಿಗೂ ಇರುವ ಬಿಡದ ಸಂಬಂಧದ ಬಲದಿಂದ. ಆ ಸಂಬಂಧಕ್ಕೆ ವ್ಯಾಪ್ತಿ ಎಂದು ಹೆಸರು. ವ್ಯಾಪ್ತಿ ಗಟ್ಟಿಯಿದ್ದರೆ ಅನುಮಾನ ಗಟ್ಟಿ. ಬೆಂಕಿ ಇಲ್ಲದೆಯೂ ಕಾಣಿಸಿಕೊಳ್ಳುವ ಹೇತುವನ್ನು, ಅಂದರೆ ಕುರುಹನ್ನು, ನೈಯಾಯಿಕರು ಸವ್ಯಭಿಚಾರ ಎಂದು ಕರೆದು ದೋಷಗಳ ಪಟ್ಟಿಗೆ ಸೇರಿಸಿದರು. ಸ್ಟಿರ್ ಚಿತ್ರದಲ್ಲಿ ತೊಡೆಯೆಲುಬಿನ ತಲೆ ಬೆಳ್ಳಗೆ ಹೊಳೆದರೆ ಅದು ಅಂಥದೇ ಹೇತು. ರಕ್ತ ಸಾಗದೆ ಎಲುಬು ಸಾಯುವ ಎವಿಎನ್‌ನಲ್ಲಿ ಅದು ಕಾಣಬಹುದು. ಕಣ್ಣಿಗೆ ಸಿಗದ ಬಿರುಕಿನಲ್ಲಿ, ಸೋಂಕಿನಲ್ಲಿ, ಸಂಧಿವಾತದಲ್ಲಿ, ಗಡ್ಡೆಯ ಸುತ್ತ ಕಾಣಬಹುದು. ಗರ್ಭಿಣಿಯರಲ್ಲಿ ಕೊನೆಯ ತಿಂಗಳುಗಳಲ್ಲೂ, ನಡುವಯಸ್ಸಿನ ಗಂಡಸರಲ್ಲೂ ಬಂದು, ಆರು ತಿಂಗಳಿಂದ ವರ್ಷದೊಳಗೆ ತಾನಾಗಿಯೇ ಹೋಗುವ ತಾತ್ಕಾಲಿಕ ಅಸ್ಥಿಸವೆತದಲ್ಲೂ ಕಾಣಬಹುದು. ಈ ಕೊನೆಯದನ್ನು ವೈದ್ಯಲೋಕ ಗುರುತಿಸಿದ್ದು 1959ರಲ್ಲಿ. ಇದಕ್ಕೂ ಎವಿಎನ್‌ಗೂ ಚಿಕಿತ್ಸೆಯಲ್ಲಿ ಅಜಗಜಾಂತರ. ಒಂದಕ್ಕೆ ಊರುಗೋಲು ಕೊಟ್ಟು ಭಾರ ಹಾಕಬೇಡ ಎಂದರೆ ಸಾಕಾಗಬಹುದು. ಇನ್ನೊಂದಕ್ಕೆ ಎಲುಬು ಕೊರೆಯಬೇಕಾಗಬಹುದು, ಕೊನೆಗೆ ಕೀಲನ್ನೇ ಬದಲಿಸಬೇಕಾಗಬಹುದು. ಈ ಹೊಳಪಿಗೆ ಮಜ್ಜೆಯ ಬಾವು ಎಂಬ ಅರ್ಥದ ಹೆಸರು 1988ರಲ್ಲಿ ಬಂದು ರೂಢಿಯಾಯಿತು. ಆದರೆ ಸವೆದ ಮೊಣಕಾಲಿನ ಎಲುಬಿನಲ್ಲಿ ಹೀಗೆ ಹೊಳೆದ ಭಾಗವನ್ನೇ ತೆಗೆದು ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ನಿಜವಾದ ಬಾವು ಸಿಕ್ಕಿದ್ದು ಅತ್ಯಲ್ಪ. ಹೆಚ್ಚಾಗಿ ಇದ್ದದ್ದು ಸಾಧಾರಣ ಕೊಬ್ಬುಮಜ್ಜೆ, ಅಲ್ಲಲ್ಲಿ ನಾರುಗಟ್ಟಿದ, ಸತ್ತ ಅಂಶಗಳು. ಎಚ್ಚರದ ತಜ್ಞರು ಈಗ ಬಾವಿನಂಥ ಸಂಕೇತ ಎಂದಷ್ಟೇ ಬರೆಯುತ್ತಾರೆ. ತಾವು ಕಂಡದ್ದು ಹೊಗೆಯನ್ನು, ಬೆಂಕಿಯನ್ನಲ್ಲ ಎಂಬ ಅರಿವು ಅದು.

ಹಾಗಾದರೆ ಪ್ರತ್ಯಕ್ಷ ಯಾರದು? ಇಲ್ಲಿ ಕನ್ನಡನಾಡಿನಲ್ಲೇ ಹುಟ್ಟಿದ ಒಂದು ದರ್ಶನ ನೆರವಿಗೆ ಬರುತ್ತದೆ. ಉಡುಪಿ ಹತ್ತಿರದ ಪಾಜಕದಲ್ಲಿ 13ನೆಯ ಶತಮಾನದಲ್ಲಿ ಹುಟ್ಟಿದ ಮಧ್ವಾಚಾರ್ಯರು ಪ್ರತ್ಯಕ್ಷವನ್ನು ಐದು ಇಂದ್ರಿಯ ಮತ್ತು ಮನಸ್ಸಿಗೆ ನಿಲ್ಲಿಸಲಿಲ್ಲ, ಸಾಕ್ಷಿ ಎಂಬ ಏಳನೆಯದನ್ನು ಸೇರಿಸಿದರು. ಸಾಕ್ಷಿ ಎಂದರೆ ಜೀವಾತ್ಮನ ಸ್ವರೂಪವೇ ಆದ ಅರಿವು. ಅದರ ವಿಷಯಗಳಲ್ಲಿ ಸುಖ ಮತ್ತು ದುಃಖ ಮುಖ್ಯ. ಕಣ್ಣು ತಪ್ಪಬಹುದು, ಕಿವಿ ತಪ್ಪಬಹುದು, ಮನಸ್ಸೂ ತಪ್ಪಬಹುದು, ಸಾಕ್ಷಿ ತಪ್ಪದು ಎಂಬುದು ಆ ಮತದ ನಿಲುವು. ದ್ವೈತದ ಉಳಿದ ಸಿದ್ಧಾಂತಗಳನ್ನು ಒಪ್ಪದವರೂ ಈ ಒಂದು ಮಾತಿನ ತರ್ಕವನ್ನು ಅಲ್ಲಗಳೆಯುವುದು ಕಷ್ಟ. ನನಗೆ ನೋಯುತ್ತಿದೆ ಎಂಬ ಅರಿವಿಗೂ ನೋವಿಗೂ ನಡುವೆ ಹೇತುವಿಲ್ಲ, ವ್ಯಾಪ್ತಿಯಿಲ್ಲ, ಗಣಿತವಿಲ್ಲ. ಹಾವೆಂದು ಕಂಡದ್ದು ಹಗ್ಗವೆಂದು ಆಮೇಲೆ ತಿಳಿಯಬಹುದು. ನೋವೆಂದು ಉಂಡದ್ದು ನೋವೇ ಆಗಿರಲಿಲ್ಲ ಎಂದು ಇನ್ನೊಬ್ಬರು ತೋರಿಸಿಕೊಡಲಾರರು. ಈ ನೆಲೆಯಲ್ಲಿ ನಿಂತು ನೋಡಿದರೆ ಆಸ್ಪತ್ರೆಯ ಮೇಲುಕೀಳಿನ ಕ್ರಮವೇ ತಲೆಕೆಳಗಾಗುತ್ತದೆ. ಚಪ್ಪೆಯ ನೋವಿನ ವಿಷಯದಲ್ಲಿ ಪ್ರತ್ಯಕ್ಷವಿರುವುದು ನೋವುಣ್ಣುವವಳ ಬಳಿ. ವೈದ್ಯರ ಕೈಯಲ್ಲಿರುವ ಫಿಲ್ಮು ಅನುಮಾನದ ಸಾಧನ. ಅವಳ ಪ್ರತ್ಯಕ್ಷ ವೈದ್ಯರಿಗೆ ತಲುಪಬಹುದಾದ ದಾರಿ ಒಂದೇ, ಶಬ್ದ ಪ್ರಮಾಣ, ಅವಳ ಬಾಯಿಮಾತು. ಪ್ರತ್ಯಕ್ಷವನ್ನು ಅನುಮಾನದಿಂದ ಬಾಧಿಸಲಾಗದು ಎಂಬುದು ನಮ್ಮ ಹಳೆಯ ತಾರ್ಕಿಕರಲ್ಲಿ ಬಹುಮಂದಿ ಒಪ್ಪಿದ ನಿಯಮ. ಬೆಂಕಿ ತಣ್ಣಗಿದೆ ಎಂದು ಎಂಥ ಜಾಣ ತರ್ಕ ಹೂಡಿದರೂ ಮುಟ್ಟಿದವನ ಕೈ ಅದನ್ನು ಮುರಿಯುತ್ತದೆ. ಫಿಲ್ಮಿನಲ್ಲಿ ಏನೂ ಇಲ್ಲ, ಆದ್ದರಿಂದ ನಿನಗೆ ನೋವಿಲ್ಲ ಎಂಬ ಮಾತು ಈ ನಿಯಮವನ್ನು ಮುರಿದ ಮಾತು.

ಚಪ್ಪೆಯ ಕೀಲಿನ ಬಗ್ಗೆ ಕರ್ನಾಟಕದಲ್ಲಿ ನಡೆದ ದೊಡ್ಡ ಪ್ರಕರಣವೊಂದು ಇದಕ್ಕೆ ಆಧಾರ ಕೊಡುತ್ತದೆ. ಶಿವಮೊಗ್ಗ ಜಿಲ್ಲೆಯ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1970ರ ದಶಕದ ಮಧ್ಯಭಾಗದಲ್ಲಿ ಒಂದು ಕಾಯಿಲೆ ಹೊರಲೋಕದ ಗಮನಕ್ಕೆ ಬಂತು. ಹೊಲಗದ್ದೆಗಳಲ್ಲಿ ಕೂಲಿ ಮಾಡುವ ಚನ್ನಂಗಿ ಮತ್ತು ಛಲವಾದಿ ಸಮುದಾಯದ ದಲಿತ ಕುಟುಂಬಗಳಲ್ಲಿ ಸೊಂಟದ ಕೀಲು ಸವೆದು, ಕೆಲವರು ಕುಂಟುತ್ತ, ಕೆಲವರು ಕೋಲೂರುತ್ತ, ಕೆಲವರು ನೆಲದ ಮೇಲೆ ತೆವಳುತ್ತ ಬದುಕುವಂತಾಗಿತ್ತು. ಕೆಲವು ಮನೆಗಳಲ್ಲಿ ಮೈಯ ಎತ್ತರವೂ ಕುಗ್ಗಿತ್ತು. ಎಕ್ಸ್‌ರೇ ತೆಗೆದರು. ಕೀಲು ಹಾಳಾಗಿರುವುದು ಎದ್ದು ಕಂಡಿತು. ಏಕೆ ಹಾಳಾಯಿತು ಎಂಬುದನ್ನು ಚಿತ್ರ ಹೇಳಲಿಲ್ಲ. ಗದ್ದೆಗೆ ಹೊಡೆದ ಕ್ರಿಮಿನಾಶಕ ಏಡಿಗಳ ಮೈ ಸೇರಿ, ಆ ಏಡಿ ತಿಂದವರಿಗೆ ರೋಗ ಬಂದಿದೆ ಎಂಬ ಊಹೆ ಮೊದಲು ಹಬ್ಬಿತು. ಬಡವರು ತಿನ್ನುವ ಅನ್ನವೇ ಆರೋಪಿಯಾಯಿತು. ಮುಂದೆ ಮನೆಮನೆಯ ವಂಶಾವಳಿ ಕಲೆಹಾಕಿ, ಯಾರಿಗೆ ಯಾರು ಹುಟ್ಟಿದರು, ಯಾರಿಗೆ ಯಾವ ವಯಸ್ಸಿನಲ್ಲಿ ನೋವು ಶುರುವಾಯಿತು ಎಂದು ಜೋಡಿಸಿದಾಗ, ಇದು ತಂದೆಯಿಂದಲೋ ತಾಯಿಯಿಂದಲೋ ಮಕ್ಕಳಿಗೆ ಇಳಿದು ಬರುವ, ಎಲುಬಿನ ಬೆಳವಣಿಗೆಯ ದೋಷ ಎಂಬುದು ತಿಳಿಯಿತು. ಆ ವಂಶಾವಳಿಯ ಆಧಾರ ಯಾವುದು? ಅಜ್ಜಿಯರ, ತಾಯಂದಿರ ನೆನಪು, ಅವರ ಬಾಯಿಮಾತು. ಚಿತ್ರ ಹಾನಿಯನ್ನು ತೋರಿಸಿತು, ಮಾತು ಅದರ ದಾರಿಯನ್ನು ತೋರಿಸಿತು. ಮಾತನ್ನು ಪ್ರಮಾಣವೆಂದು ಒಪ್ಪದಿದ್ದರೆ ಹಂದಿಗೋಡು ಕಾಯಿಲೆಗೆ ಇಂದಿಗೂ ಏಡಿಯೇ ಕಾರಣವಾಗಿ ಉಳಿಯುತ್ತಿತ್ತು.

ಗದಗ ಜಿಲ್ಲೆಯೊಳಗೇ ಇನ್ನೊಂದು ಆಧಾರವಿದೆ. ಮುಂಡರಗಿ ತಾಲ್ಲೂಕಿನ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚಿರುವುದು ದಶಕಗಳಿಂದ ಗೊತ್ತಿರುವ ವಿಷಯ. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರು ಕುಡಿಯಲು ತಕ್ಕದ್ದಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ಮಿತಿ. ಅದನ್ನು ಮೀರಿದ ಬೋರ್‌ವೆಲ್ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟಿಗಳು ಎಲ್ಲರಿಗೂ ಕಾಣುತ್ತವೆ. ಎಲುಬಿನೊಳಗೆ ಇಳಿದದ್ದು ಅಷ್ಟು ಬೇಗ ಕಾಣುವುದಿಲ್ಲ. ಅಸ್ಥಿ ಫ್ಲೋರೋಸಿಸ್ಸಿನ ಮೊದಲ ಹಂತದಲ್ಲಿ ಬೆನ್ನು, ಚಪ್ಪೆ, ಮೊಣಕಾಲು ಬಿಗಿಯುತ್ತವೆ, ಹೊತ್ತಾರೆ ಏಳುವುದೇ ಕಷ್ಟವಾಗುತ್ತದೆ, ಎಕ್ಸ್‌ರೇ ಮಾತ್ರ ಸರಿಯಾಗಿಯೇ ಇರಬಹುದು. ವರ್ಷಗಳು ಕಳೆದ ಮೇಲೆ ಬದಲಾವಣೆ ಕಾಣಿಸಿಕೊಂಡಾಗ ಎಲುಬು ಹಿಂದಿಗಿಂತ ದಟ್ಟವಾಗಿ, ಬೆಳ್ಳಗೆ ಕಾಣುತ್ತದೆ. ತಿಳಿಯದವರು ಅದನ್ನು ಗಟ್ಟಿಮುಟ್ಟು ಎಂದುಕೊಳ್ಳಬೇಕು, ಹಾಗೆ. ಇಲ್ಲಿ ನೋವು ಚಿತ್ರಕ್ಕಿಂತ ವರ್ಷಗಳಷ್ಟು ಮೊದಲೇ ಬಂದ ಸಾಕ್ಷಿ. ಅದನ್ನು ವಾಯು ಎಂದೋ, ವಯಸ್ಸು ಎಂದೋ, ಮೈಗಳ್ಳತನ ಎಂದೋ ತಳ್ಳಿಹಾಕಿದ ಪ್ರತಿಯೊಂದು ಸಲವೂ ಅದೇ ನೀರು ಇನ್ನಷ್ಟು ದಿನ ಅದೇ ಕೊಡದಲ್ಲಿ ಮನೆಗೆ ಬರುತ್ತದೆ. ನೋವನ್ನು ನಂಬುವುದು ಇಲ್ಲಿ ಕರುಣೆಯ ಮಾತಷ್ಟೇ ಅಲ್ಲ, ರೋಗ ಕಂಡುಹಿಡಿಯುವ ಸಮರ್ಥ ದಾರಿ.

ಈಗ ಆಕ್ಷೇಪಗಳು. ನೋವುಣ್ಣುವವರೇ ತಪ್ಪುತ್ತಾರಲ್ಲ ಎಂಬುದು ಮೊದಲನೆಯದು. ಚಪ್ಪೆಯ ಕೀಲು ಕೆಟ್ಟವರಲ್ಲಿ ಎಷ್ಟೋ ಮಂದಿ ತೋರಿಸುವುದು ಮೊಣಕಾಲನ್ನು. ಎರಡಕ್ಕೂ ಹೋಗುವ ನರಗಳ ಬೇರು ಒಂದೇ ಆದ್ದರಿಂದ ಒಂದರ ನೋವು ಇನ್ನೊಂದರಲ್ಲಿ ಮಾರ್ದನಿಸುತ್ತದೆ. ಮೊಣಕಾಲಿಗೆ ತಿಂಗಳುಗಟ್ಟಲೆ ಎಣ್ಣೆ ಹಚ್ಚಿ, ಮೊಣಕಾಲಿನದೇ ಎಕ್ಸ್‌ರೇ ತೆಗೆಸಿ, ಅಷ್ಟರಲ್ಲಿ ತೊಡೆಯೆಲುಬಿನ ತಲೆ ಕುಸಿದುಬಿಟ್ಟ ಪ್ರಕರಣಗಳು ವೈದ್ಯರಿಗೆ ಹೊಸವಲ್ಲ. ಹಾಗಾದರೆ ತಪ್ಪದ ಸಾಕ್ಷಿ ಎಲ್ಲಿ ಹೋಯಿತು? ಉತ್ತರ ಮಧ್ವರ ವಿಂಗಡಣೆಯಲ್ಲೇ ಇದೆ. ಸಾಕ್ಷಿಗೆ ಗೊತ್ತಿರುವುದು ದುಃಖ. ಆ ದುಃಖದ ಕಾರಣ ಎಲ್ಲಿದೆ, ಏನು ಎಂಬುದು ಮನಸ್ಸಿನ ಕೆಲಸ, ಅಂದರೆ ಅಲ್ಲಿಂದ ಮುಂದೆ ಅನುಮಾನ ಶುರು. ನೋವಿದೆ ಎಂಬುದರಲ್ಲಿ ಅವಳು ತಪ್ಪಿಲ್ಲ, ಮೊಣಕಾಲೇ ಕೆಟ್ಟಿದೆ ಎಂಬುದರಲ್ಲಿ ತಪ್ಪಿರಬಹುದು. ಎರಡನೆಯದನ್ನು ತಿದ್ದಲು ವೈದ್ಯರಿಗೆ ಪೂರ್ಣ ಹಕ್ಕಿದೆ, ಅದಕ್ಕೆ ಎಂಆರ್‌ಐಗಿಂತ ಒಳ್ಳೆಯ ಸಾಧನ ವಿರಳ. ಮೊದಲನೆಯದನ್ನು ಅಳಿಸಲು ಯಾರಿಗೂ ಹಕ್ಕಿಲ್ಲ.

ಎರಡನೆಯ ಆಕ್ಷೇಪ ಇನ್ನೂ ಬಲವಾದದ್ದು. ಎಷ್ಟೋ ರೋಗಗಳು ನೋವಿಲ್ಲದೆ ಬೆಳೆಯುತ್ತವೆ. ಒಂದು ಚಪ್ಪೆಯಲ್ಲಿ ಎವಿಎನ್ ಆದವರ ಇನ್ನೊಂದು ಚಪ್ಪೆಯನ್ನು ಚಿತ್ರಿಸಿದಾಗ, ನೋವೇ ಇಲ್ಲದ ಆ ಬದಿಯಲ್ಲೂ ರೋಗ ಕಾಲಿಟ್ಟಿರುವುದು ಎಷ್ಟೋ ಸಲ ಕಾಣುತ್ತದೆ. ರಕ್ತದ ಕ್ಯಾನ್ಸರ್ ಮಜ್ಜೆಯನ್ನು ತುಂಬಿಕೊಳ್ಳುವಾಗ ಸಾಕ್ಷಿಗೆ ಸುದ್ದಿಯೇ ಇಲ್ಲದಿರಬಹುದು. ಎಕ್ಸ್‌ರೇ ಸುಮ್ಮನಿದ್ದಾಗಲೂ ಎಂಆರ್‌ಐ ಇವನ್ನೆಲ್ಲ ಹಿಡಿದು ಕಾಲು ಉಳಿಸುತ್ತದೆ, ಜೀವ ಉಳಿಸುತ್ತದೆ. ಇದನ್ನು ನಾನು ಸಂಪೂರ್ಣ ಒಪ್ಪುತ್ತೇನೆ. ಇದರಿಂದ ಸಿದ್ಧವಾಗುವುದೇನೆಂದರೆ ರೋಗ ಮತ್ತು ನೋವು ಎರಡು ಬೇರೆ ಪ್ರಮೇಯಗಳು, ಅಂದರೆ ತಿಳಿಯಬೇಕಾದ ಬೇರೆ ವಿಷಯಗಳು ಎಂಬುದು. ರೂಪಕ್ಕೆ ಕಣ್ಣು, ಶಬ್ದಕ್ಕೆ ಕಿವಿ ಎಂಬಂತೆ ಒಂದೊಂದು ಪ್ರಮೇಯಕ್ಕೂ ತಕ್ಕ ಪ್ರಮಾಣ ಬೇರೆ. ರೋಗದ ವಿಷಯದಲ್ಲಿ ಚಿತ್ರಕ್ಕೆ ಅಧಿಕಾರವಿದೆ, ನೋವಿನ ವಿಷಯದಲ್ಲಿ ಇಲ್ಲ. ಇದರ ಇನ್ನೊಂದು ಮಗ್ಗುಲೂ ಇದೆ. ಚಪ್ಪೆಯಲ್ಲಿ ಯಾವ ನೋವೂ ಇಲ್ಲದ 45 ಸ್ವಯಂಸೇವಕರ ಎಂಆರ್‌ಐ ತೆಗೆದು 2012ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ನೂರಕ್ಕೆ 69ರಷ್ಟು ಕೀಲುಗಳ ಅಂಚಿನ ಮೃದ್ವಸ್ಥಿಯಲ್ಲಿ ಹರುಕು ಕಂಡಿತು. ಅವರ ಸರಾಸರಿ ವಯಸ್ಸು 38ರ ಒಳಗೆ. ಚಿತ್ರದಲ್ಲಿ ದೋಷವಿದ್ದರೂ ಬದುಕಿನಲ್ಲಿ ದುಃಖವಿಲ್ಲ. ಅಂಥ ಹರುಕು ನೋವಿರುವ ಒಬ್ಬರಲ್ಲಿ ಸಿಕ್ಕಿದೊಡನೆ ಅದೇ ಕಾರಣ ಎಂದು ಕತ್ತರಿಸಲು ಹೊರಡುವುದು ಹೇತು ಗಟ್ಟಿಯಿಲ್ಲದ ಅನುಮಾನ. ಚಿತ್ರವನ್ನು ನಂಬಿ ನೋವನ್ನು ಬಿಟ್ಟರೆ ಎರಡೂ ಕಡೆ ಪೆಟ್ಟು: ಇರುವ ನೋವಿಗೆ ಚಿಕಿತ್ಸೆ ತಪ್ಪುತ್ತದೆ, ಇಲ್ಲದ ನೋವಿಗೆ ಕತ್ತರಿ ಬೀಳುತ್ತದೆ.

ಮೂರನೆಯದು ಸಂಶಯದ ಆಕ್ಷೇಪ. ಜನ ಸುಳ್ಳು ಹೇಳುವುದಿಲ್ಲವೇ? ವಿಮೆಗಾಗಿ, ಪರಿಹಾರಕ್ಕಾಗಿ, ರಜೆಗಾಗಿ ನೋವನ್ನು ನಟಿಸುವವರಿಲ್ಲವೇ? ಇದ್ದಾರೆ. ಅದಕ್ಕೇ ನ್ಯಾಯದರ್ಶನ ಎಲ್ಲ ಮಾತನ್ನೂ ಪ್ರಮಾಣವೆನ್ನಲಿಲ್ಲ, ಆಪ್ತರ ಮಾತನ್ನು ಎಂದಿತು. ಆಪ್ತರೆಂದರೆ ವಿಷಯವನ್ನು ಬಲ್ಲವರು ಮತ್ತು ಬಲ್ಲದ್ದನ್ನು ಇದ್ದಂತೆ ಹೇಳುವವರು. ನೋವಿನ ವಿಷಯವನ್ನು ಬಲ್ಲವಳು ನೋವುಣ್ಣುವವಳೇ. ಇದ್ದಂತೆ ಹೇಳುತ್ತಿದ್ದಾಳೆಯೇ ಎಂಬುದನ್ನು ತಿಳಿಯಲು ಅವಳನ್ನು ಬಲ್ಲವರು ಬೇಕು, ಕೂತು ಕೇಳುವ ಪುರುಸೊತ್ತು ಬೇಕು. ಈ ಪರೀಕ್ಷೆ ಅಸಾಧ್ಯವಲ್ಲ ಎಂಬುದಕ್ಕೆ ಗದಗ ಸೀಮೆಯ ಚರಿತ್ರೆಯೇ ಉದಾಹರಣೆ. ಕಣಗಿನಹಾಳದಲ್ಲಿ 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕಟ್ಟಿದ ಸಹಕಾರಿ ಪತ್ತಿನ ಸಂಘ ದೇಶದಲ್ಲೇ ಮೊದಲನೆಯದೆಂದು ಹೆಸರಾಯಿತು. 1904ರ ಕಾಯ್ದೆಯಡಿ ಹುಟ್ಟಿದ ಹಳ್ಳಿಯ ಸಂಘಗಳ ಬುನಾದಿ ಸದಸ್ಯರು ಒಬ್ಬರಿಗೊಬ್ಬರು ಹೊರುವ ಹೊಣೆ. ಯಾರ ಮಾತು ನಂಬಬಹುದು ಎಂಬುದನ್ನು ಕೂಡಿ ಬಾಳುವವರೇ ತೂಗಬಲ್ಲರು ಎಂಬ ನಂಬಿಕೆ ಅದರ ಹಿಂದಿತ್ತು. ಅದೇ ನಂಬಿಕೆಯ ಮೇಲೆ ಕೆ.ಎಚ್. ಪಾಟೀಲರಂಥವರು ಹುಲಕೋಟಿಯಲ್ಲಿ ಸಹಕಾರ ಚಳವಳಿಯನ್ನು ಬೆಳೆಸಿದರು. ಕೆಲವರು ಸಾಲ ಮುಳುಗಿಸಿದರೆಂದು ಎಲ್ಲರಿಗೂ ಪತ್ತು ನಿಲ್ಲಿಸಿದ್ದರೆ ಸಹಕಾರವೇ ಹುಟ್ಟುತ್ತಿರಲಿಲ್ಲ. ಕೆಲವರು ನೋವು ನಟಿಸುತ್ತಾರೆಂದು ಎಲ್ಲರ ನೋವನ್ನೂ ಸಂಶಯದಿಂದ ನೋಡಿದರೆ ವೈದ್ಯವೂ ಉಳಿಯದು. ಆ ಸಂಶಯದ ಹೊರೆ ಎಲ್ಲರ ಮೇಲೂ ಸಮನಾಗಿ ಬೀಳುವುದಿಲ್ಲ ಎಂಬುದನ್ನೂ ನೆನಪಿಡಬೇಕು. ಗತ್ತಿನ ಮಾತಿನವರನ್ನು ಯಾರೂ ಸುಲಭಕ್ಕೆ ಸಂಶಯಿಸುವುದಿಲ್ಲ. ಹೆಂಗಸರ, ಕೂಲಿಕಾರರ, ದಲಿತರ ನೋವಿಗೇ ಪುರಾವೆ ಕೇಳುವುದು ರೂಢಿ.

ಕೊನೆಯ ಆಕ್ಷೇಪ ಧರ್ಮದ ಕಡೆಯಿಂದ ಬರುತ್ತದೆ, ಅದೂ ಎರಡು ತುದಿಗಳಿಂದ. ಎಲುಬಿನ ಒಳತಿರುಳಿನವರೆಗೂ ಕಂಡಾಯಿತು, ಆತ್ಮ ಎಲ್ಲೂ ಸಿಗಲಿಲ್ಲ, ಆದ್ದರಿಂದ ಸಾಕ್ಷಿ ಎಂಬುದು ಬರೀ ಕಲ್ಪನೆ ಎನ್ನುವವರು ಒಂದು ಕಡೆ. ಇವೆಲ್ಲ ನಮ್ಮ ಋಷಿಗಳಿಗೆ ಮೊದಲೇ ಗೊತ್ತಿತ್ತು ಎನ್ನುವವರು ಇನ್ನೊಂದು ಕಡೆ. ಇಬ್ಬರಿಗೂ ಸುಶ್ರುತ ಸಂಹಿತೆಯೇ ಉತ್ತರ ಕೊಡುತ್ತದೆ. ಶವವನ್ನು ನೀರಿನಲ್ಲಿ ನೆನೆಯಿಟ್ಟು ಪದರಪದರವಾಗಿ ಬಿಡಿಸಿ ನೋಡಬೇಕೆಂದ ಗ್ರಂಥ ಅದು. ದೊಡ್ಡ ಎಲುಬುಗಳಲ್ಲಿ ಮಜ್ಜೆ, ಉಳಿದವುಗಳಲ್ಲಿ ರಕ್ತ ಬೆರೆತ ಮೇದಸ್ಸು ಎಂದು ಎರಡು ಬಗೆಯನ್ನು ಅದು ಗುರುತಿಸಿತು. ಮೆಚ್ಚಬೇಕಾದ ಗಮನ. ಆದರೆ ಆ ಭೇದ ಎಲುಬಿನ ಗಾತ್ರಕ್ಕೆ ಸೇರಿದ್ದಲ್ಲ, ವಯಸ್ಸು ಮತ್ತು ಜಾಗಕ್ಕೆ ಸೇರಿದ್ದು, ಒಂದೇ ಎಲುಬಿನೊಳಗೂ ಬದಲಾಗುವಂಥದ್ದು ಎಂಬುದು ತಿಳಿದದ್ದು ಆಧುನಿಕ ವಿಜ್ಞಾನದಿಂದ. ಇಷ್ಟೆಲ್ಲ ಕತ್ತರಿಸಿ ನೋಡಿದ ಅದೇ ಗ್ರಂಥ ದೇಹದಲ್ಲಿರುವ ಅತಿಸೂಕ್ಷ್ಮವಾದ ಚೇತನ ಕಣ್ಣಿಗೆ ಸಿಗುವಂಥದ್ದಲ್ಲ ಎಂದೂ ಹೇಳಿತು. ಎಂಆರ್‌ಐ ಕೇಳುವುದು ಹೈಡ್ರೋಜನ್ನಿನ ಪ್ರಶ್ನೆಯನ್ನು. ಅದಕ್ಕೆ ಬಂದ ಉತ್ತರದಲ್ಲಿ ಚೇತನ ಇಲ್ಲದಿರುವುದು ಚೇತನವಿಲ್ಲ ಎಂಬುದಕ್ಕೆ ಪುರಾವೆಯಲ್ಲ, ಇದೆ ಎಂಬುದಕ್ಕೂ ಅಲ್ಲ. ನೋವೂ ಆ ಉತ್ತರದಲ್ಲಿ ಇಲ್ಲ, ಆದರೂ ನೋವಿದೆ. ದೇಹವನ್ನು ದೇಗುಲವಾಗಿ ಕಂಡ ಶರಣರ ನಾಡಿನಲ್ಲಿ, ಆ ದೇಹದಲ್ಲಿ ಎದ್ದ ನೋವಿನ ದನಿಗೆ ಅದರ ಚಿತ್ರಕ್ಕಿಂತ ಕಡಿಮೆ ಮರ್ಯಾದೆ ಸಲ್ಲುವುದು ಶ್ರದ್ಧೆಗೂ ಒಪ್ಪದ ನಡತೆ.

ಇದರಿಂದ ನಡವಳಿಕೆಗೆ ಬರುವ ಮಾತುಗಳು ಸ್ಪಷ್ಟ. ವಾಗ್ಭಟರು ರೋಗಿಯನ್ನು ತಿಳಿಯಲು ಹೇಳಿದ ಮೂರು ದಾರಿ ನೋಡುವುದು, ಮುಟ್ಟುವುದು, ಕೇಳುವುದು. ಮೂರರಲ್ಲಿ ಕೇಳುವುದು ಇಂದು ಸೊರಗಿದೆ, ಕೇಳಿದರೂ ಪ್ರಶ್ನೆಗಳು ನಮ್ಮವಲ್ಲ. ಚಪ್ಪೆಯ ಸ್ಥಿತಿ ಅಳೆಯಲು ಜಗತ್ತೆಲ್ಲ ಬಳಸುವ, 1969ರ ಹ್ಯಾರಿಸ್ ಅಂಕಪಟ್ಟಿ ಕೇಳುವುದು ಕುರ್ಚಿಯಲ್ಲಿ ಎಷ್ಟು ಹೊತ್ತು ಕೂರಬಲ್ಲಿರಿ, ಬೂಟು ಕಾಲುಚೀಲ ಹಾಕಿಕೊಳ್ಳಬಲ್ಲಿರಾ, ಮೆಟ್ಟಿಲು ಹತ್ತಬಲ್ಲಿರಾ, ಬಸ್ಸು ಏರಬಲ್ಲಿರಾ ಎಂದು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಉಣ್ಣಬಲ್ಲಿರಾ, ಕುಕ್ಕರಗಾಲಲ್ಲಿ ಕಳೆ ತೆಗೆಯಬಲ್ಲಿರಾ ಎಂಬ ಪ್ರಶ್ನೆ ಅದರಲ್ಲಿಲ್ಲ. ಚಪ್ಪೆಯ ಕೀಲು ಕೆಡುವಾಗ ಮೊದಮೊದಲೇ ಕುಗ್ಗುವುದು ತೊಡೆ ಒಳಕ್ಕೆ ತಿರುಗುವ, ಹೊರಕ್ಕೆ ಅಗಲುವ ಚಲನೆ. ಹಾಗಾಗಿ ನೆಲದ ಮೇಲೆ ಬಾಳುವ ನಮ್ಮ ಹೆಣ್ಣುಮಗಳಿಗೆ ತನ್ನ ಕೀಲು ಕೆಡುತ್ತಿರುವುದು ಕುರ್ಚಿಯ ಮೇಲೆ ಬಾಳುವವರಿಗಿಂತ ಬೇಗ ತಿಳಿಯಬಹುದು. ಅವಳ ಆ ಒಂದು ವಾಕ್ಯ ಎಂಆರ್‌ಐ ಕಳಿಸುವ ಚೀಟಿಯ ಮೇಲೆ ಇದ್ದಂತೆ ದಾಖಲಾಗಬೇಕು. ಈಗ ಅಲ್ಲಿ ಚಪ್ಪೆ ನೋವು ಎಂಬ ಎರಡು ಪದವೋ, ಎವಿಎನ್ ಮುಂದೊಂದು ಪ್ರಶ್ನೆಚಿಹ್ನೆಯೋ ಇದ್ದರೆ ಹೆಚ್ಚು. ಎಲ್ಲೋ ದೂರದಲ್ಲಿ ಕೂತು ಚಿತ್ರ ಓದುವವರಿಗೆ ಅವಳ ವಯಸ್ಸು, ಹೆರಿಗೆ, ರಕ್ತದ ಪ್ರಮಾಣ, ಕುಡಿಯುವ ನೀರು, ನೋವು ಎದ್ದ ಬಗೆ ತಿಳಿದಿದ್ದರೆ ಅದೇ ಬೂದು ತೇಪೆ ಬೇರೆ ಅರ್ಥ ಕೊಡುತ್ತದೆ. ಬಿದ್ದ ಮುದುಕಿ ಕಾಲೂರಲಾಗದು ಎಂದಾಗ, ಎಕ್ಸ್‌ರೇ ಸರಿಯಿದ್ದರೂ ಅವಳ ಮಾತನ್ನೇ ನಂಬಿ ಎಂಆರ್‌ಐಗೆ ಕಳಿಸಿದ ವೈದ್ಯರಿಗೆ ಮಜ್ಜೆಯ ಬಿಳುಪಿನ ನಡುವೆ ಬಿರುಕಿನ ಕಪ್ಪು ಗೆರೆ ಸಿಗುತ್ತದೆ. ಯಂತ್ರದ ಅತ್ಯುತ್ತಮ ಗೆಲುವುಗಳಲ್ಲಿ ಎಷ್ಟೋ ಹೀಗೆ ಮಾತನ್ನು ಮೊದಲು ನಂಬಿದವರಿಂದ ಬಂದವು. ಚಿತ್ರದಲ್ಲಿ ಏನೂ ಕಾಣದಿದ್ದಾಗ ವೈದ್ಯರು ಹೇಳಬೇಕಾದ್ದು ನಿಮಗೇನೂ ಇಲ್ಲ ಎಂದಲ್ಲ, ನಿಮ್ಮ ನೋವಿನ ಕಾರಣ ಈ ಪರೀಕ್ಷೆಯಲ್ಲಿ ಸಿಗಲಿಲ್ಲ ಎಂದು. ಮೊದಲನೆಯದು ಅವಳ ಪ್ರತ್ಯಕ್ಷವನ್ನು ಅಲ್ಲಗಳೆಯುತ್ತದೆ, ಎರಡನೆಯದು ವೈದ್ಯರ ಅನುಮಾನದ ಮಿತಿಯನ್ನು ಒಪ್ಪಿಕೊಂಡು ಹುಡುಕಾಟವನ್ನು ತೆರೆದಿಡುತ್ತದೆ. ನಿಜ ಹೇಳುವುದು ಧರ್ಮವಾದರೆ, ಆ ಎರಡನೆಯ ಮಾತನ್ನು ಆಡುವುದು ವೈದ್ಯಧರ್ಮದ ಮೊದಲ ಪಾಠ.